ಹ್ಯೂಮನ ಹಕ್ಕಿಗಳು

ಕೂಡಿಡುವ ಚಟವೊಂದು ಅಂಟಿಕೊಂಡರೆ ಅದು ಮನುಷ್ಯನನ್ನು ಎಲ್ಲಿಗೆ ಕೊಂಡೊಯ್ಯುತ್ತದೆಂದು ಮೊದಲೇ ಹೇಳಬರುವುದಿಲ್ಲ. ನನಗೆ ಅಂಟಿದ್ದು ಹಳೆಯ ಪುಸ್ತಕಗಳ ಚಟ. ವಿದ್ಯಾರ್ಥಿಯಾಗಿದ್ದಾಗ ಬೆಂಗಳೂರಿನ ಅವೆನ್ಯೂ ರಸ್ತೆಯ ಅಂಗಡಿಗಳಲ್ಲಿ ಕೈಗೆಟುಕಿದ್ದನ್ನೆಲ್ಲ ಕೊಂಡು ತರುತ್ತಿದ್ದೆ. ಓದಬೇಕೆಂದು ತಂದ ಪುಸ್ತಕಗಳು ಅವು, ಓದಿಯೂ ಓದಿದೆ. ಅಧ್ಯಾಪಕನಾದ ಮೇಲೆ ಓದುವ ಆಸೆಗಿಂತ ಪೂರ್ತಿಮಾಡುವ ಆಸೆ ಬಲವಾಯಿತು. ಹಳೆಯ ಮಾಸಪತ್ರಿಕೆಯೊಂದರ ಸಂಪುಟದಲ್ಲಿ ಒಂದು ಸಂಚಿಕೆ ಕಡಮೆಯಿದ್ದರೆ ಆ ತೆರಪೇ ಕಣ್ಣಿಗೆ ಬೀಳುವುದು, ಇದ್ದ ಹನ್ನೊಂದು ಸಂಚಿಕೆಗಳಲ್ಲ. ಕೆಲವು ತಿಂಗಳ ಹಿಂದೆ ವಿದ್ಯಾರ್ಥಿನಿಯೊಬ್ಬಳು ತನ್ನ ಪ್ರಬಂಧಕ್ಕೆ ಬೇಕೆಂದು ಅಂಥ ಒಂದು ಸಂಪುಟವನ್ನು ಎರಡು ದಿನದ ಮಟ್ಟಿಗೆ ಕೇಳಿದಳು. ಕಾಗದ ತೀರ ಜೀರ್ಣವಾಗಿದೆಯಮ್ಮ ಎಂದು ಹೇಳಿ ಕಳುಹಿಸಿಬಿಟ್ಟೆ. ಮಾತು ಸುಳ್ಳಲ್ಲ, ಆದರೆ ಕೊಡದಿದ್ದುದಕ್ಕೆ ಅದು ನಿಜವಾದ ಕಾರಣವೂ ಅಲ್ಲ.

ಆ ದಿನಗಳಲ್ಲಿ ನಾನು ಓದುತ್ತಿದ್ದುದು ಅಲನ್ ಆಕ್ಟೇವಿಯನ್ ಹ್ಯೂಮನ ಜೀವನವನ್ನು. ಇಂಡಿಯನ್ ನ್ಯಾಷನಲ್ ಕಾಂಗ್ರೆಸ್ಸಿನ ಹುಟ್ಟಿಗೆ ಕಾರಣನಾದ ಆಂಗ್ಲ ಅಧಿಕಾರಿ ಎಂದು ಆತನ ಹೆಸರನ್ನು ಶಾಲೆಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದವರೇ. ಆದರೆ ಅದೇ ಮನುಷ್ಯ ತನ್ನ ಬಾಳಿನ ಬಹುಭಾಗವನ್ನು ಹಕ್ಕಿಗಳನ್ನು ಕೂಡಿಡುವುದರಲ್ಲಿ ಕಳೆದನೆಂಬುದೂ, ಏಷ್ಯದ ಹಕ್ಕಿಗಳ ಮಟ್ಟಿಗೆ ಅಷ್ಟು ದೊಡ್ಡ ಸಂಗ್ರಹ ಆ ಕಾಲದಲ್ಲಿ ಮತ್ತೊಬ್ಬ ವ್ಯಕ್ತಿಯ ಕೈಯಲ್ಲಿ ಇರಲಿಲ್ಲವೆಂಬುದೂ, ಅಷ್ಟನ್ನೂ ಒಂದು ದಿನ ಬಿಟ್ಟುಕೊಟ್ಟನೆಂಬುದೂ ಪಾಠದ ಪುಸ್ತಕದಲ್ಲಿ ಇರಲಿಲ್ಲ. ಸಂಗ್ರಹಕಾರನ ಮನಸ್ಸು ಹೇಗೆ ಬೆಳೆಯುತ್ತದೆ, ಎಲ್ಲಿ ಮುರಿಯುತ್ತದೆ, ಮುರಿದ ಮೇಲೆ ಏನಾಗಿ ಚಿಗುರುತ್ತದೆ ಎಂಬುದಕ್ಕೆ ಆತನ ಬಾಳಿಗಿಂತ ಒಳ್ಳೆಯ ನಿದರ್ಶನವನ್ನು ನಾನು ಕಂಡಿಲ್ಲ.

ಹ್ಯೂಮ್ ಹುಟ್ಟಿದ್ದು ೧೮೨೯ರಲ್ಲಿ. ತಂದೆ ಜೋಸೆಫ್ ಹ್ಯೂಮ್ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಸುಧಾರಣಾವಾದಿಯೆಂದು ಹೆಸರಾದವನು. ಸರ್ಕಾರದ ಪ್ರತಿಯೊಂದು ಕಾಸಿಗೂ ಲೆಕ್ಕ ಕೇಳುತ್ತಿದ್ದವನು. ಲೆಕ್ಕ ಕೇಳುವ ಈ ಗುಣ ಮಗನಿಗೂ ಬಂದಿತು. ಹೇಲಿಬರಿಯ ಕಾಲೇಜಿನಲ್ಲಿ ಓದಿ, ಲಂಡನ್ನಿನಲ್ಲಿ ಕೆಲಕಾಲ ವೈದ್ಯವನ್ನೂ ಶಸ್ತ್ರಚಿಕಿತ್ಸೆಯನ್ನೂ ಅಭ್ಯಾಸಮಾಡಿ, ೧೮೪೯ರಲ್ಲಿ ಆತ ಬಂಗಾಳದ ಸಿವಿಲ್ ಸೇವೆಗೆ ಸೇರಿ ಭಾರತಕ್ಕೆ ಬಂದನು. ಇಂದಿನ ಉತ್ತರ ಪ್ರದೇಶದಲ್ಲಿರುವ ಇಟಾವಾ ಆತನ ಕಾರ್ಯಕ್ಷೇತ್ರವಾಯಿತು. ಅಲ್ಲಿ ಉಚಿತ ಶಾಲೆಗಳನ್ನು ತೆರೆಸಿದನು. ಬಿಡುವಿನ ವೇಳೆಯಲ್ಲಿ, ಆ ಕಾಲದ ಅನೇಕ ಅಧಿಕಾರಿಗಳಂತೆ, ಕೋವಿ ಹಿಡಿದು ಹೊರಟು ಹಕ್ಕಿಗಳನ್ನು ಹೊಡೆದು ತೊಗಲು ಸುಲಿದು ಇಟ್ಟುಕೊಳ್ಳುತ್ತಿದ್ದನು. ಅದು ಆಗ ಬರಿಯ ಹವ್ಯಾಸ. ಕಣ್ಣಿಗೆ ಬಿದ್ದುದನ್ನು ಕೈಗೆ ತಂದುಕೊಳ್ಳುವ ಸಂತೋಷಕ್ಕಿಂತ ದೊಡ್ಡ ಉದ್ದೇಶವೇನೂ ಅದರ ಹಿಂದೆ ಇದ್ದಂತೆ ತೋರುವುದಿಲ್ಲ.

೧೮೫೭ರ ದಂಗೆ ಇಟಾವಾವನ್ನೂ ಮುಟ್ಟಿತು. ಹ್ಯೂಮ್ ಆಗ್ರಾಕ್ಕೆ ಓಡಿಹೋಗಬೇಕಾಯಿತು. ಅದುವರೆಗೆ ಕೂಡಿಟ್ಟಿದ್ದ ಹಕ್ಕಿಗಳೆಲ್ಲ ಆ ಗಲಭೆಯಲ್ಲಿ ನಾಶವಾದುವು. ಮರಳಿ ಬಂದ ಮೇಲೆ ಆತ ಆ ಜಿಲ್ಲೆಯಲ್ಲಿ ಸೇಡಿನ ಆಡಳಿತಕ್ಕಿಂತ ಕ್ಷಮೆಯ ಆಡಳಿತವನ್ನೇ ನಡೆಸಿದನೆಂಬ ಕೀರ್ತಿ ಉಳಿದಿದೆ. ಹಕ್ಕಿಗಳ ವಿಷಯದಲ್ಲಿಯೂ ಒಂದು ಹೊಸ ನಿರ್ಧಾರ ಮೂಡಿತು. ಕಳೆದುಕೊಂಡವನು ಎರಡರಲ್ಲಿ ಒಂದನ್ನು ಮಾಡುತ್ತಾನೆ: ಹವ್ಯಾಸವನ್ನು ಬಿಟ್ಟುಬಿಡುತ್ತಾನೆ, ಇಲ್ಲವೆ ಅದಕ್ಕೊಂದು ಗುರಿಯನ್ನು ಹುಡುಕುತ್ತಾನೆ. ಹ್ಯೂಮ್ ಎರಡನೆಯದನ್ನು ಮಾಡಿದನು. ಇನ್ನು ಮೇಲೆ ತನ್ನ ಸಂತೋಷಕ್ಕಾಗಿ ನಾಲ್ಕು ಹಕ್ಕಿಗಳಲ್ಲ. ಭಾರತದ ಸಮಸ್ತ ಪಕ್ಷಿಕುಲವನ್ನೂ ಕೂಡಿಸಿ, ಪರೀಕ್ಷಿಸಿ, ಒಂದು ಮಹಾಗ್ರಂಥವನ್ನು ಬರೆಯಬೇಕು. ಹವ್ಯಾಸ ಅಲ್ಲಿಗೆ ವ್ರತವಾಯಿತು.

ಉದ್ಯೋಗವೂ ಅನುಕೂಲವಾಗಿ ಒದಗಿತು. ೧೮೬೭ರಲ್ಲಿ ಆತ ಒಳನಾಡು ಸುಂಕದ ಕಮಿಷನರನಾದನು. ಉಪ್ಪಿನ ಸುಂಕವನ್ನು ತಪ್ಪಿಸಿ ಯಾರೂ ಉಪ್ಪು ಸಾಗಿಸದಂತೆ ಸಿಂಧೂ ನದಿಯಿಂದ ಮಹಾನದಿಯವರೆಗೆ ಎರಡು ಸಾವಿರಕ್ಕೂ ಹೆಚ್ಚು ಮೈಲಿಗಳ ಒಂದು ಕಾವಲಿನ ಗಡಿಯನ್ನು ಸರ್ಕಾರ ಎಳೆದಿತ್ತು. ಬಹುದೂರ ಅದು ಮುಳ್ಳುಗಿಡಗಳ ಬೇಲಿಯಾಗಿತ್ತು. ಬಡವನ ಉಪ್ಪಿಗೆ ಅಡ್ಡ ನಿಂತ ಆ ಬೇಲಿಯನ್ನು ಸೊಂಪಾಗಿ ಬೆಳೆಸಿದವರಲ್ಲಿ ಹ್ಯೂಮನೂ ಒಬ್ಬನೆಂಬುದನ್ನು ಮರೆಮಾಚಬೇಕಾಗಿಲ್ಲ. ಆ ಉದ್ಯೋಗದಲ್ಲಿ ಊರೂರು ತಿರುಗಬೇಕಾಗಿದ್ದುದರಿಂದ ಹಕ್ಕಿಗಳ ಸಂಗ್ರಹವೂ ಸರಾಗವಾಗಿ ನಡೆಯಿತು. ೧೮೭೧ರಲ್ಲಿ ಆತ ಕೇಂದ್ರ ಸರ್ಕಾರದಲ್ಲಿ ಕಂದಾಯ, ಕೃಷಿ, ವಾಣಿಜ್ಯ ಇಲಾಖೆಯ ಕಾರ್ಯದರ್ಶಿಯಾದನು. ಸಿಮ್ಲಾದ ಜಾಕೋ ಬೆಟ್ಟದ ಮೇಲೆ ರಾತ್ನಿ ಕಾಸಲ್ ಎಂಬ ಭವ್ಯವಾದ ಮನೆ. ಅದಕ್ಕೆ ಹೊಂದಿದಂತೆ ಸ್ವಂತ ಖರ್ಚಿನಲ್ಲಿ ಕಟ್ಟಿಸಿದ ಒಂದು ವಸ್ತುಸಂಗ್ರಹಾಲಯ. ಅದನ್ನು ನೋಡಿಕೊಳ್ಳಲು ವಿಲಿಯಂ ಡೇವಿಸನ್ ಎಂಬ ಸಮರ್ಥನಾದ ಸಹಾಯಕನನ್ನು ಸಂಬಳ ಕೊಟ್ಟು ಇರಿಸಿಕೊಂಡನು.

ಈ ಹಂತದಲ್ಲಿ ಹ್ಯೂಮನ ಸಂಗ್ರಹದ ರೀತಿಯೇ ಬದಲಾಯಿತು. ಒಂದು ಜಾತಿಯ ಹಕ್ಕಿಗೆ ಒಂದು ತೊಗಲು ಸಾಕೆಂಬುದು ಸಾಮಾನ್ಯ ಹವ್ಯಾಸಿಯ ಎಣಿಕೆ. ಹ್ಯೂಮನಿಗೆ ಅದು ಸಾಲದು. ಗಂಡು ಬೇಕು, ಹೆಣ್ಣು ಬೇಕು, ಮರಿ ಬೇಕು. ಬೇಸಗೆಯ ಗರಿ ಬೇಕು, ಚಳಿಗಾಲದ ಗರಿ ಬೇಕು. ಸಿಂಧಿನದು ಬೇಕು, ಬರ್ಮಾದ್ದೂ ಬೇಕು. ಸಾಲುಸಾಲಾಗಿ ಇಟ್ಟು ನೋಡಿದರೆ ಮಾತ್ರ ಯಾವುದು ಬೇರೆ ಜಾತಿ, ಯಾವುದು ಒಂದೇ ಜಾತಿಯ ವಯಸ್ಸಿನ ಭೇದ ಎಂಬುದು ತಿಳಿಯುತ್ತದೆ. ಪ್ರತಿಯೊಂದು ತೊಗಲಿಗೂ ಚೀಟಿ, ಚೀಟಿಯ ಮೇಲೆ ಊರು, ದಿನಾಂಕ. ಇದಕ್ಕಾಗಿ ಆತ ೧೮೭೪ರಲ್ಲಿ ಸಂಗ್ರಹಕಾರರಿಗೆಂದೇ ಒಂದು ಕೈಪಿಡಿಯನ್ನು ಬರೆದನು. ಹಕ್ಕಿಯನ್ನು ಸುಲಿಯುವುದು ಹೇಗೆ, ಅಳೆಯುವುದು ಹೇಗೆ, ಹುಳು ಹಿಡಿಯದಂತೆ ಕಾಪಾಡುವುದು ಹೇಗೆ ಎಂಬುದನ್ನೆಲ್ಲ ಅದರಲ್ಲಿ ಹೇಳಿದನು.

ಒಬ್ಬನ ಕೈಯಿಂದ ಇಷ್ಟು ದೊಡ್ಡ ಕೆಲಸ ಸಾಗದೆಂಬ ಅರಿವೂ ಆತನಿಗೆ ಬಂದಿತು. ಸಿಂಧ್, ಅಂಡಮಾನ್ ಮತ್ತು ನಿಕೋಬಾರ್, ಲಕ್ಷದ್ವೀಪ, ಕೊನೆಗೆ ೧೮೮೧ರಲ್ಲಿ ಮಣಿಪುರ, ಹೀಗೆ ತಾನು ಸಂಚರಿಸಿದುದಲ್ಲದೆ, ದೇಶದ ಮೂಲೆಮೂಲೆಗಳಲ್ಲಿದ್ದ ಎಂಜಿನಿಯರುಗಳು, ಸೈನ್ಯಾಧಿಕಾರಿಗಳು, ತೋಟಗಾರ ದೊರೆಗಳು, ಇವರೆಲ್ಲರನ್ನೂ ಕಾಗದಗಳ ಮೂಲಕ ಹುರಿಗೊಳಿಸಿದನು. ೧೮೭೨ರಲ್ಲಿ ಸ್ಟ್ರೇ ಫೆದರ್ಸ್ ಎಂಬ ಪತ್ರಿಕೆಯನ್ನು ಹೊರಡಿಸಿದನು. ಉದುರಿ ಚೆದರಿದ ಗರಿಗಳು ಎಂದು ಅದರ ಅರ್ಥ. ಒಂಟಿಯಾಗಿ ಎಲ್ಲೋ ಕುಳಿತು ಹಕ್ಕಿ ನೋಡುತ್ತಿದ್ದವನಿಗೆ ತನ್ನ ನೋಟವನ್ನು ದಾಖಲೆಮಾಡಲು ಅಲ್ಲಿ ಸ್ಥಳ ದೊರೆಯಿತು. ನಮ್ಮ ನಾಡಿನ ಗರಿಗಳೂ ಅದರಲ್ಲಿ ಸೇರಿಕೊಂಡಿವೆ: ಮೈಸೂರು ಸೀಮೆಯ ಮಂಜರಾಬಾದಿನ, ಎಂದರೆ ಇಂದಿನ ಸಕಲೇಶಪುರದ ಕಡೆಯ, ಹಕ್ಕಿಗಳ ಪಟ್ಟಿಯೊಂದನ್ನು ಟೇಲರ್ ಎಂಬಾತನು ಆ ಪತ್ರಿಕೆಯಲ್ಲಿ ಪ್ರಕಟಿಸಿದನು. ಭಾರತದ ಪಕ್ಷಿಶಾಸ್ತ್ರದ ಪೋಪ್ ಎಂದು ಹ್ಯೂಮನನ್ನು ಕರೆಯುವ ವಾಡಿಕೆ ಬೆಳೆದದ್ದು ಈ ದಿನಗಳ ಒಡೆತನದಿಂದಲೇ.

ಇಲ್ಲಿ ಒಂದು ಪ್ರಶ್ನೆಯನ್ನು ತಪ್ಪಿಸಿಕೊಳ್ಳುವಂತಿಲ್ಲ. ಹಕ್ಕಿಯನ್ನು ಪ್ರೀತಿಸುವವನು ಹಕ್ಕಿಯನ್ನು ಕೊಲ್ಲುವುದೇ? ಹತ್ತಲ್ಲ, ನೂರಲ್ಲ, ಸಾವಿರ ಸಾವಿರವಾಗಿ? ಈ ಲೆಕ್ಕವನ್ನು ಮೊದಲು ಓದಿದಾಗ ನನಗೆ ಅಸಹ್ಯವಾಯಿತು. ಆ ಕಾಲದಲ್ಲಿ ಒಳ್ಳೆಯ ದುರ್ಬೀನಾಗಲಿ, ಹಕ್ಕಿಯ ಬಣ್ಣವನ್ನು ಹಿಡಿಯಬಲ್ಲ ಛಾಯಾಚಿತ್ರವಾಗಲಿ ಇರಲಿಲ್ಲ, ಕೈಯಲ್ಲಿ ಹಿಡಿಯದೆ ಹಕ್ಕಿಯನ್ನು ನಿಶ್ಚಯವಾಗಿ ಗುರುತಿಸುವುದು ಸಾಧ್ಯವಿರಲಿಲ್ಲ ಎಂಬ ಸಮಾಧಾನ ನಿಜವಾದದ್ದೇ. ಆದರೂ ಸಾಲು ತುಂಬಬೇಕೆಂಬ ಆಸೆ ಎಲ್ಲಿಯವರೆಗೆ ಜ್ಞಾನದ ಆಸೆ, ಎಲ್ಲಿಂದ ಮುಂದೆ ಬರಿಯ ಆಸೆ ಎಂದು ಗೆರೆ ಎಳೆಯುವುದು ಕಷ್ಟ. ಸಂಪುಟದ ತೆರಪನ್ನು ಕಂಡು ನಿದ್ದೆಗೆಟ್ಟವನಾದ್ದರಿಂದ ಆ ಗೆರೆ ಎಷ್ಟು ತೆಳುವೆಂಬುದು ನನಗೆ ಗೊತ್ತು. ಹ್ಯೂಮನಿಗೂ ಅದು ಗೊತ್ತಾಗುವ ಕಾಲ ಬಂದಿತು.

೧೮೭೯ರಲ್ಲಿ ಸರ್ಕಾರ ಆತನನ್ನು ಕಾರ್ಯದರ್ಶಿಯ ಸ್ಥಾನದಿಂದ ಕೆಳಗಿಳಿಸಿತು. ಮೇಲಿನವರಿಗೆ ಹಿತವಾಗದ ಮಾತನ್ನು ಬಾಯಿಬಿಚ್ಚಿ ಆಡುವ ಸ್ವಭಾವವೇ ಇದಕ್ಕೆ ಮುಖ್ಯ ಕಾರಣ. ೧೮೮೨ರಲ್ಲಿ ಆತ ನಿವೃತ್ತನಾದನು. ಇದೇ ವರ್ಷಗಳಲ್ಲಿ ಬ್ಲಾವಟ್‌ಸ್ಕಿ ಅವರ ಸಂಪರ್ಕದಿಂದ ಥಿಯಾಸಫಿಯತ್ತ ಒಲಿದನು. ಆ ಪಂಥದ ನಂಟು ಬಹುಕಾಲ ಉಳಿಯಲಿಲ್ಲ. ಅದರಿಂದ ಬಂದ ಶಾಕಾಹಾರ ಮಾತ್ರ ಉಳಿಯಿತು. ಪ್ರಾಣಿವಧೆಯನ್ನು ಒಲ್ಲದ ಮನಸ್ಸಿಗೆ ಕೋವಿಯ ಹವ್ಯಾಸ ಹೊಂದುವುದೆಂತು? ಆದರೂ ಬರೆಯಬೇಕಾದ ಮಹಾಗ್ರಂಥ ಇನ್ನೂ ಇತ್ತು. ಅದೊಂದು ಮುಗಿದರೆ ಅಷ್ಟು ಜೀವಗಳ ಋಣ ತೀರಿದಂತಾಗುತ್ತಿತ್ತೇನೋ.

ಅದು ಮುಗಿಯಲಿಲ್ಲ. ಹ್ಯೂಮ್ ಸಿಮ್ಲಾದಲ್ಲಿ ಇಲ್ಲದ ಸಮಯದಲ್ಲಿ ಸೇವಕನೊಬ್ಬ ಸಂಗ್ರಹಾಲಯಕ್ಕೆ ನುಗ್ಗಿ, ಮಣಗಟ್ಟಲೆ ಹಸ್ತಪ್ರತಿಯನ್ನು ಕದ್ದೊಯ್ದು ರದ್ದಿ ಕಾಗದವೆಂದು ಮಾರಿಬಿಟ್ಟನು. ಸುಮಾರು ೭೦೦ ಜಾತಿಯ ಹಕ್ಕಿಗಳ ಜೀವನವೃತ್ತಾಂತ ಅದರಲ್ಲಿತ್ತು. ದೊಡ್ಡ ಹಾಳೆಗಳ ಮೇಲೆ ಬರೆದಿದ್ದುದೆಲ್ಲ ಹೋಯಿತು. ಸಣ್ಣ ಸಣ್ಣ ಚೀಟಿಗಳು ಮಾತ್ರ ಉಳಿದುವು. ಪೊಟ್ಟಣ ಕಟ್ಟುವವನಿಗೆ ಚೀಟಿಗಳಿಂದ ಏನು ಪ್ರಯೋಜನ! ಕಳವು ನಡೆದದ್ದು ತಿಳಿಯುವ ವೇಳೆಗೆ ಹಲವು ತಿಂಗಳಾಗಿದ್ದುವು. ಹುಡುಕಿಸಿದಾಗ ದೊರೆತದ್ದು ಅತ್ಯಲ್ಪ. ಬೆಟ್ಟದೂರಿನ ಅಂಗಡಿಗಳಲ್ಲಿ ಅವಲಕ್ಕಿಗೋ ಸಕ್ಕರೆಗೋ ಸುತ್ತಿಕೊಟ್ಟ ಹಾಳೆಗಳಲ್ಲಿ ಯಾವ ಯಾವ ಹಕ್ಕಿಯ ಗೂಡಿನ ವರ್ಣನೆಯಿತ್ತೋ! ಹಳೆಯ ಕಾಗದವನ್ನು ಕೂಡಿಡುವ ನನ್ನಂಥವನು ಈ ಭಾಗವನ್ನು ತಣ್ಣಗಿನ ಮನಸ್ಸಿನಿಂದ ಓದಲಾರನು. ಕಾಲು ಶತಮಾನದ ದುಡಿಮೆ ತೂಕದ ಲೆಕ್ಕದಲ್ಲಿ ಹೋಗಿತ್ತು. ಇದರ ಜೊತೆಗೆ ಮಳೆಯಿಂದ ಗುಡ್ಡ ಕುಸಿದು ಸಂಗ್ರಹಾಲಯಕ್ಕೂ ಪೆಟ್ಟು ಬಿದ್ದಿತು. ಹುಳು ಹಿಡಿದು ಕೆಟ್ಟ ಸುಮಾರು ೨೦,೦೦೦ ಮಾದರಿಗಳನ್ನು ಹ್ಯೂಮನೇ ನಾಶಪಡಿಸಬೇಕಾಯಿತು.

ಇಂಥ ಸ್ಥಿತಿಯಲ್ಲಿ ಸಂಗ್ರಹಕಾರನು ಉಳಿದುದನ್ನು ಇನ್ನೂ ಬಿಗಿಯಾಗಿ ಅವುಚಿಕೊಳ್ಳುವುದೇ ಸಹಜ. ಹ್ಯೂಮ್ ಕೈ ಬಿಚ್ಚಿದನು. ತನ್ನಿಂದ ಗ್ರಂಥ ಆಗದು. ಆದರೆ ಹಕ್ಕಿಗಳು ತನ್ನ ಮನೆಯಲ್ಲಿ ಹುಳುಗಳ ಪಾಲಾಗಬಾರದು, ಅವುಗಳಿಂದ ಬೇರೆಯವರು ಕಲಿಯಬೇಕು ಎಂದು ನಿಶ್ಚಯಿಸಿ, ಎಲ್ಲವನ್ನೂ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ದಾನವಾಗಿ ಕೊಟ್ಟನು. ಅದನ್ನು ತೆಗೆದುಕೊಂಡು ಹೋಗಲು ಅಲ್ಲಿಯ ಪಕ್ಷಿವಿಭಾಗದ ಬೌಡ್ಲರ್ ಶಾರ್ಪ್ ೧೮೮೫ರಲ್ಲಿ ಸಿಮ್ಲಾಕ್ಕೆ ಬಂದನು. ಮೊಳೆ ತಾಗಿ ಮಾದರಿಗಳು ಕೆಡಬಾರದೆಂದು ಮೊಳೆಯಿಲ್ಲದೆ ದೇವದಾರು ಹಲಗೆಯ ೪೭ ಪೆಟ್ಟಿಗೆಗಳನ್ನು ಅಲ್ಲಿಯೇ ಮಾಡಿಸಲಾಯಿತು. ಒಂದೊಂದೂ ಸುಮಾರು ಅರ್ಧ ಟನ್ನಿನ ಭಾರ. ಎತ್ತಿನ ಗಾಡಿಗಳ ಮೇಲೆ ಕಾಲ್ಕಾಕ್ಕೆ ಇಳಿದು, ಅಲ್ಲಿಂದ ಮುಂಬಯಿಯ ಬಂದರಿಗೆ ಹೋಗಿ, ಹಡಗು ಹತ್ತಿದುವು. ತೊಗಲು, ಗೂಡು, ಮೊಟ್ಟೆ ಎಲ್ಲ ಸೇರಿ ಸುಮಾರು ೮೨,೦೦೦. ನಮ್ಮ ಕಾಡುಗಳ ಹಕ್ಕಿಗಳನ್ನು ನೋಡಲು ನಮ್ಮ ವಿದ್ಯಾರ್ಥಿ ಇಂಗ್ಲೆಂಡಿಗೆ ಹೋಗಬೇಕಾಯಿತಲ್ಲ ಎಂಬ ನೋವು ಈ ದಾನದಲ್ಲಿ ಅಡಗಿದೆ. ಅದನ್ನು ಹೇಳದೆ ಬಿಡಲಾರೆ. ಆದರೆ ಸಿಮ್ಲಾದ ಮಳೆಗೂ ಹುಳುಗಳಿಗೂ ಬಿಟ್ಟಿದ್ದರೆ ಅವು ಯಾರಿಗೂ ಉಳಿಯುತ್ತಿದ್ದುವೆಂದು ಹೇಳುವುದೂ ಕಷ್ಟ.

ಹಕ್ಕಿಗಳು ಸಿಮ್ಲಾವನ್ನು ಬಿಟ್ಟ ವರ್ಷ ಯಾವುದೆಂಬುದನ್ನು ವಾಚಕರು ಗಮನಿಸಬೇಕು. ಅದೇ ೧೮೮೫ರ ಡಿಸೆಂಬರ್ ೨೮ರಂದು ಮುಂಬಯಿಯ ಗೋಕುಲದಾಸ ತೇಜಪಾಲ ಸಂಸ್ಕೃತ ಕಾಲೇಜಿನಲ್ಲಿ ೭೨ ಮಂದಿ ಪ್ರತಿನಿಧಿಗಳು ಸೇರಿ ಕಾಂಗ್ರೆಸ್ಸಿನ ಮೊದಲ ಅಧಿವೇಶನ ನಡೆಯಿತು. ಎರಡು ವರ್ಷ ಮೊದಲು ಹ್ಯೂಮ್ ಕಲ್ಕತ್ತ ವಿಶ್ವವಿದ್ಯಾಲಯದ ಪದವೀಧರರಿಗೆ ಬಹಿರಂಗ ಪತ್ರ ಬರೆದು, ದೇಶಕ್ಕಾಗಿ ಸ್ವಾರ್ಥ ತೊರೆಯಬಲ್ಲ ಐವತ್ತು ಜನ ಮುಂದೆ ಬರಲೆಂದು ಬೇಡಿದ್ದನು. ಕಾಂಗ್ರೆಸ್ಸಿನ ಹುಟ್ಟಿನಲ್ಲಿ ಆತನ ಉದ್ದೇಶವೇನೆಂಬ ಬಗ್ಗೆ ಚರಿತ್ರಕಾರರಲ್ಲಿ ವಾದಗಳಿವೆ. ಅದರ ಇತ್ಯರ್ಥ ನನ್ನ ಕೆಲಸವಲ್ಲ. ನನಗೆ ಕಾಣುವುದು ಇಷ್ಟು: ಊರೂರಿಗೆ ಕಾಗದ ಬರೆಯುವುದು, ಪರಸ್ಪರ ಪರಿಚಯವಿಲ್ಲದವರನ್ನು ಒಂದು ನೂಲಿನಲ್ಲಿ ಪೋಣಿಸುವುದು, ಚೆದರಿದ್ದುದನ್ನು ಒಂದೆಡೆ ತರುವುದು, ಇದು ಹಕ್ಕಿಗಳ ವರ್ಷಗಳಲ್ಲಿ ಆತ ಕಲಿತ ವಿದ್ಯೆ. ಆ ವಿದ್ಯೆಯನ್ನೇ ಈಗ ಮನುಷ್ಯರ ನಡುವೆ ಬಳಸಿದನು. ಮುಂದೆ ಬಹುವರ್ಷ ಆ ಸಂಸ್ಥೆಯ ಪ್ರಧಾನ ಕಾರ್ಯದರ್ಶಿಯಾಗಿದ್ದನು.

ಉಳಿದಿದ್ದ ಚೀಟಿಗಳ ಕಥೆಯನ್ನೂ ಹೇಳಬೇಕು. ಹಿಂದೆ ೧೮೭೩ರಿಂದ ೭೫ರವರೆಗೆ ಹೊರಟಿದ್ದ ಹ್ಯೂಮನ ಗೂಡು ಮತ್ತು ಮೊಟ್ಟೆಗಳ ಗ್ರಂಥವನ್ನು ಯೂಜೀನ್ ಓಟ್ಸ್ ಎಂಬ ವಿದ್ವಾಂಸನು ಪರಿಷ್ಕರಿಸಿ ೧೮೮೯-೯೦ರಲ್ಲಿ ಪ್ರಕಟಿಸಿದನು. ಕಳ್ಳನು ಬೇಡವೆಂದು ಬಿಟ್ಟುಹೋದ ಟಿಪ್ಪಣಿಗಳೇ ಅದಕ್ಕೆ ಒದಗಿಬಂದುವು. ತನ್ನ ಹೆಸರಿನ ಮಹಾಗ್ರಂಥವಾಗಬೇಕಾಗಿದ್ದ ಸಾಮಗ್ರಿಯನ್ನು ಮತ್ತೊಬ್ಬನ ಕೈಗೆ ಒಪ್ಪಿಸುವುದು ಅಷ್ಟು ಸುಲಭವಲ್ಲವೆಂದು ಬರೆಯುವ ಜನಕ್ಕೆಲ್ಲ ಗೊತ್ತು.

೧೮೯೦ರಲ್ಲಿ ಹೆಂಡತಿ ತೀರಿಕೊಂಡಳು. ಮಣಿಪುರದಲ್ಲಿ ತಾನು ಕಂಡ ಸುಂದರವಾದ ಕಾಡುಕೋಳಿಯ ಜಾತಿಯೊಂದಕ್ಕೆ ಹ್ಯೂಮ್ ಅವಳ ಹೆಸರನ್ನಿಟ್ಟಿದ್ದನು. ಇಂದಿಗೂ ಅದು ಅದೇ ಹೆಸರಿನಿಂದ ಪ್ರಸಿದ್ಧವಾಗಿದೆ. ೧೮೯೪ರಲ್ಲಿ ಆತ ಭಾರತವನ್ನು ಬಿಟ್ಟು ಲಂಡನ್ನಿಗೆ ಹೋದನು. ಕೂಡಿಡುವ ಗುಣ ಮಾತ್ರ ಬಿಡಲಿಲ್ಲ. ಎಪ್ಪತ್ತು ದಾಟಿದ ಮುದುಕ ಈಗ ಗಿಡಗಳನ್ನು ಕೂಡಿಸತೊಡಗಿದನು. ೧೯೦೧ರಿಂದ ಗ್ರಿಫಿನ್ ಎಂಬ ಸಸ್ಯಜ್ಞನ ಸಹಾಯದಿಂದ ಒಣಗಿಸಿದ ಸಸ್ಯಗಳ ಭಂಡಾರವೊಂದು ಬೆಳೆಯಿತು. ಆದರೆ ಈ ಸಲದ ಸಂಗ್ರಹ ಬೆಟ್ಟದ ಮೇಲಿನ ಅರಮನೆಯಲ್ಲಿ ಅಡಗಲಿಲ್ಲ. ೧೯೧೦ರಲ್ಲಿ ಆತ ನಾರ್‌ವುಡ್ ರಸ್ತೆಯಲ್ಲಿ ಒಂದು ಮನೆಯನ್ನು ಕೊಂಡು, ಸಸ್ಯಭಂಡಾರಕ್ಕೂ ಪುಸ್ತಕಗಳಿಗೂ ತಕ್ಕಂತೆ ಮಾರ್ಪಡಿಸಿ, ಸೌತ್ ಲಂಡನ್ ಬೊಟಾನಿಕಲ್ ಇನ್‌ಸ್ಟಿಟ್ಯೂಟ್ ಎಂದು ಹೆಸರಿಟ್ಟನು. ಸುತ್ತಮುತ್ತಲಿನ ಸಾಮಾನ್ಯ ಜನ ಬಂದು ಗಿಡಗಳ ವಿಷಯ ತಿಳಿದುಕೊಳ್ಳಲಿ ಎಂಬುದು ಅದರ ಉದ್ದೇಶ. ಅದರ ಪ್ರಾರಂಭಕ್ಕೆ ಸಭೆ ಸಮಾರಂಭ ಬೇಡವೆಂದನು. ಆ ಸಂಸ್ಥೆ ಇಂದಿಗೂ ಅದೇ ಮನೆಯಲ್ಲಿ ನಡೆಯುತ್ತಿದೆ.

೧೯೧೨ರ ಜುಲೈ ೩೧ರಂದು ಹ್ಯೂಮ್ ತೀರಿಕೊಂಡನು. ಸುದ್ದಿ ಮುಟ್ಟಿದಾಗ ಇಟಾವಾದ ಪೇಟೆ ಬಾಗಿಲು ಹಾಕಿ ಶೋಕವನ್ನು ಆಚರಿಸಿತು. ಆತ ಆ ಊರನ್ನು ಬಿಟ್ಟು ಹತ್ತಿರ ಹತ್ತಿರ ಅರ್ಧ ಶತಮಾನ ಕಳೆದಿತ್ತು.

ಕೊಟ್ಟ ಹಕ್ಕಿಗಳು ಏನಾದುವು? ಎರಡು ಸಂಗತಿಗಳನ್ನು ಹೇಳುತ್ತೇನೆ. ೧೮೬೭ರಲ್ಲಿ ಸಟ್ಲೆಜ್ ಕಣಿವೆಯಲ್ಲಿ ಹ್ಯೂಮ್ ಜೊಂಡುಹುಲ್ಲಿನ ಒಂದು ಕಂದುಬಣ್ಣದ ಪುಟ್ಟ ಹಕ್ಕಿಯನ್ನು ಹಿಡಿದಿದ್ದನು. ಅಂಥ ಇನ್ನೊಂದನ್ನು ಯಾರೂ ಕಾಣಲಿಲ್ಲ. ಅದು ನಿಜವಾಗಿ ಬೇರೆ ಜಾತಿಯೇ ಎಂಬ ಸಂಶಯವೇ ಬಹುಕಾಲ ಉಳಿದಿತ್ತು. ೨೦೦೬ರಲ್ಲಿ, ೧೩೯ ವರ್ಷಗಳ ಮೇಲೆ, ಥಾಯ್‌ಲೆಂಡಿನಲ್ಲಿ ಬಲೆಗೆ ಸಿಕ್ಕ ಹಕ್ಕಿಯೊಂದು ಅದೇ ಜಾತಿಯದೆಂದು ಖಚಿತವಾಯಿತು. ಖಚಿತಪಡಿಸಿದ್ದು ಹ್ಯೂಮ್ ಕೊಟ್ಟ ಆ ಒಂದೇ ಒಂದು ಒಣ ತೊಗಲು. ಅದರಿಂದ ತೆಗೆದ ವಂಶವಾಹಿಯೊಡನೆ ಹೋಲಿಸಿ ನೋಡಿದರು.

ಎರಡನೆಯದು ಒಂದು ಕಾಡುಗೂಬೆಯ ಕಥೆ. ೧೮೭೩ರಲ್ಲಿ ಹ್ಯೂಮ್ ಅದನ್ನು ಹೊಸ ಜಾತಿಯೆಂದು ವರ್ಣಿಸಿದನು. ಆಮೇಲೆ ಸಿಕ್ಕವು ಕೆಲವೇ. ಕೊನೆಯದನ್ನು ೧೮೮೪ರಲ್ಲಿ ಖಾನ್‌ದೇಶದಲ್ಲಿ ಹಿಡಿದವನು ಜೇಮ್ಸ್ ಡೇವಿಡ್‌ಸನ್. ಮುಂದೆ ನಮ್ಮ ಉತ್ತರ ಕನ್ನಡದ ಕಲೆಕ್ಟರನಾಗಿ ಆ ಜಿಲ್ಲೆಯ ಹಕ್ಕಿಗಳ ಬಗ್ಗೆಯೂ ಬರೆದವನು ಆತನೇ. ಇಪ್ಪತ್ತನೆಯ ಶತಮಾನದಲ್ಲಿ ರಿಚರ್ಡ್ ಮೈನರ್ಟ್ಸ್‌ಹಾಗನ್ ಎಂಬ ಹೆಸರುವಾಸಿಯಾದ ಸಂಗ್ರಹಕಾರನು, ತಾನು ೧೯೧೪ರಲ್ಲಿ ಗುಜರಾತಿನಲ್ಲಿ ಅದನ್ನು ಹಿಡಿದೆನೆಂದು ಒಂದು ತೊಗಲನ್ನು ತೋರಿಸಿದನು. ಅದು ಮ್ಯೂಸಿಯಮ್ಮಿನಿಂದಲೇ ಕದ್ದ ಡೇವಿಡ್‌ಸನ್ನನ ಹಕ್ಕಿ, ಚೀಟಿ ಮಾತ್ರ ಹೊಸದು ಎಂಬುದು ಪಮೇಲಾ ರಾಸ್ಮುಸನ್ ಮೊದಲಾದವರ ಪರೀಕ್ಷೆಯಿಂದ ಹೊರಬಿತ್ತು. ಸುಳ್ಳು ಊರನ್ನು ಬಿಟ್ಟು ನಿಜವಾದ ಚೀಟಿಗಳ ಜಾಡು ಹಿಡಿದು ಹೊರಟಾಗ, ೧೯೯೭ರಲ್ಲಿ ಮಹಾರಾಷ್ಟ್ರದ ಶಹಾದಾದ ಹತ್ತಿರ ಅಳಿದುಹೋಯಿತೆಂದು ಭಾವಿಸಿದ್ದ ಗೂಬೆ ಜೀವಂತವಾಗಿ ಕಾಣಿಸಿತು. ಒಬ್ಬ ಸಂಗ್ರಹಕಾರ ಕೊಟ್ಟು ಉಳಿಸಿದನು; ಇನ್ನೊಬ್ಬ ಕದ್ದು ದಾರಿ ತಪ್ಪಿಸಿದನು. ಇಬ್ಬರ ಕೈಯಲ್ಲಿದ್ದುದೂ ಹಕ್ಕಿಯ ತೊಗಲೇ.

ಹ್ಯೂಮನ ಬಾಳನ್ನು ಓದಿ ಮುಗಿಸಿದ ಮೇಲೆ ಆ ಸಾವಿರಾರು ಹಕ್ಕಿಗಳ ಸಾವನ್ನು ನಾನು ಸರಿಯೆಂದು ಒಪ್ಪಿದೆನೆಂದು ಅರ್ಥವಲ್ಲ. ಹ್ಯೂಮನ ಮನಸ್ಸೇ ಕೊನೆಗೆ ಅದನ್ನು ಒಪ್ಪಲಿಲ್ಲ. ಆದರೆ ಮೊದಲು ತನ್ನ ಸಂತೋಷಕ್ಕಾಗಿ, ಆಮೇಲೆ ಶಾಸ್ತ್ರಕ್ಕಾಗಿ, ಕೊನೆಗೆ ಹೆಸರರಿಯದ ಯಾರಿಗೋ ಆಗಿ ಕೂಡಿಟ್ಟವನ ಬಾಳಿನಲ್ಲಿ ಒಂದು ಏರುದಾರಿ ಕಾಣುತ್ತದೆ. ಕೂಡಿಟ್ಟ ವಸ್ತುವಿಗೆ ಬೆಲೆ ಬರುವುದು ಅದು ನಮ್ಮ ಬೀರುವಿನಿಂದ ಹೊರಗೆ ಹೋದಾಗ ಎಂದು ಆತನಿಗೆ ಕಲಿಸಲು ಒಂದು ದಂಗೆ, ಒಂದು ಗುಡ್ಡಕುಸಿತ, ಒಬ್ಬ ಕಳ್ಳ ಬೇಕಾಯಿತು.

ನಾನು ಆ ವಿದ್ಯಾರ್ಥಿನಿಯನ್ನು ಕರೆಸಿ ಸಂಪುಟವನ್ನು ಕೊಟ್ಟೆ. ಎರಡು ದಿನವೆಂದು ಕೊಂಡುಹೋದವಳು ಮೂರು ವಾರವಾದರೂ ತಂದುಕೊಟ್ಟಿಲ್ಲ. ಬೀರುವಿನ ಆ ತೆರಪಿನ ಮೇಲೆ ದಿನಕ್ಕೆ ಎರಡು ಬಾರಿಯಾದರೂ ಕಣ್ಣು ಹೋಗುತ್ತದೆ. ಪ್ರಬಂಧ ಮುಗಿಯಲಿ, ತಾನೇ ತಂದಾಳು ಎಂದು ಸುಮ್ಮನಿದ್ದೇನೆ.